ಒಣನೆಲಕ್ಕೆ ಎಂಥ ಚೆಂಡು?

ಶೆಟ್ಟಿಹಳ್ಳಿ ಎಂಬ ಹೆಸರಿನ ಊರುಗಳು ಹಾಸನದ ಸೀಮೆಯಲ್ಲಿ ಒಂದಕ್ಕಿಂತ ಹೆಚ್ಚಾಗಿವೆ. ನಾವು ಇಲ್ಲಿ ನೆನೆಯುತ್ತಿರುವುದು ಹೇಮಾವತಿಯ ಹಿನ್ನೀರಿನ ಅಂಚಿನಲ್ಲಿರುವ ಶೆಟ್ಟಿಹಳ್ಳಿಯನ್ನು. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಅಲ್ಲಿ ಕಟ್ಟಿಸಿದ ರೋಸರಿ ಇಗರ್ಜಿಯ ಚಿತ್ರವನ್ನು ವಾಚಕರಲ್ಲಿ ಹಲವರು ನೋಡಿರಬಹುದು. ಗೊರೂರಿನಲ್ಲಿ ಹೊಳೆಗೆ ಅಣೆಕಟ್ಟು ಕಟ್ಟಿದ ತರುವಾಯ ಆ ಇಗರ್ಜಿ ಮಳೆಗಾಲದಲ್ಲಿ ನೀರಿನ ನಡುವೆ ಅರ್ಧ ಮುಳುಗಿ ನಿಲ್ಲುತ್ತದೆ. ಬೇಸಗೆಯಲ್ಲಿ ನೀರು ಹಿಂದಕ್ಕೆ ಸರಿದು, ಕಾಲ್ನಡಿಗೆಯಲ್ಲಿಯೇ ಅದರೊಳಕ್ಕೆ ಹೋಗಬಹುದಾಗುತ್ತದೆ. ನೀರು ಬಿಟ್ಟುಹೋದ ನೆಲವು ಮೊದಲು ಕೆಸರಾಗಿದ್ದು, ಬಿಸಿಲಿಗೆ ಗಟ್ಟಿಯಾಗಿ, ಕಡೆಗೆ ಬಿರಿಯುತ್ತದೆ.

ಮಟ್ಟಸವಾದ ಬಯಲು ಕಂಡಲ್ಲಿ ಮೂರು ಕೋಲು ನೆಟ್ಟು ಕ್ರಿಕೆಟ್ ಆಡುವುದು ನಮ್ಮ ಹುಡುಗರಿಗೆ ಯಾರೂ ಹೇಳಿಕೊಡಬೇಕಾದ ವಿದ್ಯೆಯಲ್ಲ. ಅಂಥ ಒಣನೆಲದ ಮೇಲೆ ಆಡಲು ಹೊರಟ ಹುಡುಗರು, ತಾವೆಲ್ಲ ಕೂಡಿಸಿದ ಹಣದಿಂದ ಒಂದೇ ಒಂದು ಚೆಂಡನ್ನು ಕೊಳ್ಳಬಲ್ಲರು ಎಂದು ಭಾವಿಸೋಣ. ಅಂಗಡಿಯಲ್ಲಿ ಕೆಂಪು ಚರ್ಮದ ಚೆಂಡು, ಕಾರ್ಕಿನ ಗಟ್ಟಿ ಚೆಂಡು, ಟೆನ್ನಿಸ್ ಚೆಂಡು ಮೂರೂ ಇವೆ. ಯಾವುದನ್ನು ಆರಿಸಬೇಕು? ಚರ್ಮದ ಚೆಂಡೇ ನಿಜವಾದ ಚೆಂಡು, ಮಿಕ್ಕುವೆಲ್ಲ ಮಕ್ಕಳಾಟಿಕೆ ಎಂಬ ಅಭಿಮಾನ ಹದಿನಾರು ವರ್ಷದವರಲ್ಲಿ ಸಹಜ. ಆದರೆ ಚೆಂಡಿನ ಆಯ್ಕೆಯನ್ನು ಅಭಿಮಾನಕ್ಕೆ ಬಿಡದೆ ನೆಲವನ್ನು ಕೇಳಿ ನಿರ್ಧರಿಸುವುದು ಲೇಸು. ಏಕೆಂದರೆ ಇಲ್ಲಿ ಪಣಕ್ಕೆ ಬಿದ್ದಿರುವುದು ಕೂಡಿಸಿದ ಹಣ ಮಾತ್ರವಲ್ಲ, ದಾಂಡು ಹಿಡಿದು ನಿಂತವನ ಹಲ್ಲು ಮತ್ತು ಕಣ್ಣು ಕೂಡ.

ನೆಲವನ್ನು ಕೇಳುವುದು ಹೇಗೆ? ಚೆಂಡು ನೆಲವನ್ನು ಮುಟ್ಟಿದಾಗ ಏನಾಗುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಇದನ್ನು ತಿಳಿಯಲು ಕ್ರಿಕೆಟ್ಟಿಗಿಂತ ಸರಳವಾದ ಮತ್ತೊಂದು ಆಟ ಉಂಟು. ಬೆಂಗಳೂರಿನಂಥ ನಗರಗಳಲ್ಲಿ ನುಣ್ಣನೆಯ ಹಲಗೆಯ ಹಾದಿಯ ಮೇಲೆ ಭಾರವಾದ ಚೆಂಡನ್ನು ಉರುಳಿಸಿ, ಆಚೆಯ ತುದಿಯಲ್ಲಿ ನಿಲ್ಲಿಸಿದ ಹತ್ತು ಗೂಟಗಳನ್ನು ಕೆಡವುವ ಆಟವನ್ನು ಹಲವರು ಕಂಡಿರಬಹುದು. ಅದಕ್ಕೂ ಬೌಲಿಂಗ್ ಎಂದೇ ಹೆಸರು. ಗೆರೆಯಿಂದ ಮೊದಲ ಗೂಟಕ್ಕೆ 60 ಅಡಿ, ಎಂದರೆ 18.3 ಮೀಟರು. ಚೆಂಡಿನ ತೂಕ ಹೆಚ್ಚೆಂದರೆ 16 ಪೌಂಡು, ಸುಮಾರು ಏಳೂಕಾಲು ಕಿಲೋಗ್ರಾಮು. ಹಾದಿಯ ಮೊದಲ ಭಾಗಕ್ಕೆ ತೆಳುವಾಗಿ ಎಣ್ಣೆ ಸವರಿರುತ್ತಾರೆ. ಆಟ ನಡೆದಂತೆಲ್ಲ ಚೆಂಡುಗಳು ಈ ಎಣ್ಣೆಯನ್ನು ಒರೆಸಿಕೊಂಡು ಹೋಗುವುದರಿಂದ ಹಾದಿ ಒಣಗುತ್ತದೆ. ಆಗ ನುರಿತ ಆಟಗಾರನು ತನ್ನ ಚೆಂಡನ್ನು ಬದಲಾಯಿಸುತ್ತಾನೆ. ಅದೇಕೆ?

ಕೈಯಿಂದ ಹೊರಟ ಚೆಂಡು ಮೊದಲು ಜಾರುತ್ತದೆ. ಜಾರುತ್ತ ಜಾರುತ್ತ ಘರ್ಷಣೆಯಿಂದ ತಿರುಗತೊಡಗಿ, ಕಡೆಗೆ ಜಾರುವುದನ್ನು ಬಿಟ್ಟು ಉರುಳುತ್ತದೆ. ತಿರುಗದೆ ಹೊರಟ ಘನಗೋಳವೊಂದು ಉರುಳಲಾರಂಭಿಸುವ ಹೊತ್ತಿಗೆ ಅದರ ವೇಗ ಎಷ್ಟಿರುತ್ತದೆ? ಘರ್ಷಣೆಯ ಬಲವು ನೆಲದ ಗುಂಟವೇ ವರ್ತಿಸುವುದರಿಂದ, ಚೆಂಡಿನ ಹಾದಿಯ ಮೇಲಿನ ಯಾವುದೇ ಬಿಂದುವನ್ನು ಕುರಿತು ಅದಕ್ಕೆ ತಿರುಗಿಸುವ ಸಾಮರ್ಥ್ಯವಿಲ್ಲ. ಆದುದರಿಂದ ಆ ಬಿಂದುವನ್ನು ಕುರಿತ ಕೋನೀಯ ಸಂವೇಗವು ಮೊದಲಿಂದ ಕಡೆಯವರೆಗೆ ಒಂದೇ ಆಗಿರುತ್ತದೆ. ಮೊದಲಲ್ಲಿ ಅದು ದ್ರವ್ಯರಾಶಿ, ಆರಂಭದ ವೇಗ, ತ್ರಿಜ್ಯ ಈ ಮೂರರ ಗುಣಲಬ್ಧ. ಉರುಳತೊಡಗಿದ ಮೇಲೆ ಅದಕ್ಕೆ ಎರಡು ಪಾಲುಗಳು: ದ್ರವ್ಯರಾಶಿ, ಆಗಿನ ವೇಗ, ತ್ರಿಜ್ಯಗಳ ಗುಣಲಬ್ಧವೊಂದು, ಗೋಳವು ತನ್ನ ಸುತ್ತ ತಾನೇ ತಿರುಗುವುದರಿಂದ ಬರುವ, ಮೊದಲಿನದರ 2/5ರಷ್ಟಿರುವ ಪಾಲು ಮತ್ತೊಂದು. ಒಟ್ಟು 7/5. ಎಂದರೆ ಉರುಳುವಾಗಿನ ವೇಗ ಆರಂಭದ ವೇಗದ 5/7 ಮಾತ್ರ. ಹಾದಿಗೆ ಎಣ್ಣೆ ಇರಲಿ, ಮರಳು ಇರಲಿ, ಈ 5/7 ಬದಲಾಗದು! ವಿದ್ಯಾರ್ಥಿಗಳು ಈ ಫಲಿತಾಂಶವನ್ನು ಒಮ್ಮೆ ತಾವೇ ಕಾಗದದ ಮೇಲೆ ಸಾಧಿಸಿ ನೋಡಬೇಕು. ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಚೆಲುವಾದ ಫಲ ಚಲನಶಾಸ್ತ್ರದಲ್ಲಿ ಅಪರೂಪ.

ಹಾಗಾದರೆ ಎಣ್ಣೆಯಿಂದ ಬದಲಾಗುವುದೇನು? ಆ ಸ್ಥಿತಿಗೆ ಬರುವುದಕ್ಕೆ ಮುನ್ನ ಚೆಂಡು ಜಾರುವ ದೂರ. ಘರ್ಷಣಾಂಕ ಹೆಚ್ಚಿದಷ್ಟೂ ಈ ದೂರ ಕಡಿಮೆ. ಸೆಕೆಂಡಿಗೆ 8 ಮೀಟರು ವೇಗದಿಂದ ಹೊರಟ ಚೆಂಡಿಗೆ, ಘರ್ಷಣಾಂಕ 0.2 ಇರುವ ಒಣಹಾದಿಯಲ್ಲಿ ಈ ದೂರ ಸುಮಾರು 8 ಮೀಟರು. ಘರ್ಷಣಾಂಕ 0.04 ಇರುವ ಎಣ್ಣೆಹಾದಿಯಲ್ಲಿ ಅದೇ ಲೆಕ್ಕ 40 ಮೀಟರು ಎನ್ನುತ್ತದೆ. ಹಾದಿಯೇ 18 ಮೀಟರಿಗೆ ಮುಗಿಯುವುದರಿಂದ ಅಲ್ಲಿ ಚೆಂಡು ಕಡೆಯವರೆಗೂ ಜಾರುತ್ತಲೇ ಇರುತ್ತದೆ. ಪಕ್ಕಕ್ಕೆ ತಿರುಗಿಸಿ ಬಿಟ್ಟ ಚೆಂಡು ಬಾಗಿ ಸಾಗುವುದು ಜಾರುತ್ತಿರುವಷ್ಟು ಹೊತ್ತು ಮಾತ್ರ. ಉರುಳತೊಡಗಿತೆಂದರೆ ನೇರದಾರಿ. ಒಣಹಾದಿಯಲ್ಲಿ ಚೆಂಡು ತನ್ನ ಬಾಗನ್ನೆಲ್ಲ ಅರ್ಧ ದಾರಿಯಲ್ಲಿಯೇ ವೆಚ್ಚಮಾಡಿ ಬರಿಗೈಯಲ್ಲಿ ಗೂಟಗಳನ್ನು ಸೇರುತ್ತದೆ. ಆದಕಾರಣ ಆಟಗಾರನು ಅಲ್ಲಿ ಹಲಗೆಯನ್ನು ಕಚ್ಚಿ ಹಿಡಿಯುವ ರಾಳದ ಚೆಂಡನ್ನು ಬದಿಗಿಟ್ಟು, ನುಣುಪಾದ ಗಟ್ಟಿ ಪಾಲಿಯೆಸ್ಟರ್ ಚೆಂಡನ್ನು ಎತ್ತಿಕೊಳ್ಳುತ್ತಾನೆ. ನೆಲದಲ್ಲಿ ಹೆಚ್ಚಾದ ಹಿಡಿತವನ್ನು ಚೆಂಡಿನಲ್ಲಿ ಕಡಿಮೆಮಾಡಿ ಸರಿದೂಗಿಸುವ ಉಪಾಯ ಇದು.

ಕ್ರಿಕೆಟ್ಟಿನಲ್ಲಿಯೂ ಪ್ರಶ್ನೆ ಇದೇ: ಚೆಂಡು ಜಾರಿತೇ, ಕಚ್ಚಿತೇ? ಭೇದವೆಂದರೆ ಇಲ್ಲಿ ಚೆಂಡು ನೆಲವನ್ನು ಮುಟ್ಟಿರುವುದು ಸೆಕೆಂಡಿನ ಸಾವಿರದ ಒಂದೆರಡು ಪಾಲಿನಷ್ಟು ಕಾಲ ಮಾತ್ರ. ನಡೆಯಬೇಕಾದುದೆಲ್ಲ ಆ ಕ್ಷಣಾರ್ಧದಲ್ಲಿಯೇ ನಡೆದುಹೋಗುತ್ತದೆ. ಜೊತೆಗೆ ಚೆಂಡು ಮೇಲಕ್ಕೆ ಪುಟಿಯುವುದರಿಂದ ಘರ್ಷಣಾಂಕದೊಡನೆ ಇನ್ನೊಂದು ಸಂಖ್ಯೆಯೂ ಬೇಕು. ನೆಲಕ್ಕೆ ಬಿದ್ದ ವೇಗದಲ್ಲಿ ಎಷ್ಟು ಪಾಲು ಮೇಲೇಳುವಾಗ ಉಳಿಯುತ್ತದೋ ಅದನ್ನು ನಾವು ಪುಟಿತಾಂಕ ಎಂದು ಕರೆಯೋಣ. ಟೆನ್ನಿಸ್ ಸಂಸ್ಥೆಯ ನಿಯಮದಂತೆ 254 ಸೆಂಟಿಮೀಟರು ಎತ್ತರದಿಂದ ಗಟ್ಟಿನೆಲಕ್ಕೆ ಬಿಟ್ಟ ಸಾಮಾನ್ಯ ಟೆನ್ನಿಸ್ ಚೆಂಡು 135ರಿಂದ 147 ಸೆಂಟಿಮೀಟರು ಪುಟಿಯಬೇಕು. ಎತ್ತರಗಳ ನಿಷ್ಪತ್ತಿಯ ವರ್ಗಮೂಲವೇ ಪುಟಿತಾಂಕವಾದುದರಿಂದ ಅದು ಸುಮಾರು 0.75. ಚರ್ಮದ ಚೆಂಡಿನದು ಇದಕ್ಕಿಂತ ಕಡಿಮೆ. ಮಣ್ಣಿನ ಪಿಚ್ಚಿನ ಮೇಲೆ ಇನ್ನೂ ಕಡಿಮೆ. ನಮ್ಮ ಲೆಕ್ಕಗಳಿಗೆ 0.5 ಎಂದು ಇಟ್ಟುಕೊಳ್ಳೋಣ.

ಗಂಟೆಗೆ 100 ಕಿಲೋಮೀಟರು ವೇಗದಲ್ಲಿ ಎಸೆಯಬಲ್ಲ ಒಬ್ಬ ಗಟ್ಟಿಗ ವಿದ್ಯಾರ್ಥಿಯ ಚೆಂಡು ನೆಲವನ್ನು ಮುಟ್ಟುವಾಗ, ಮುಂದಕ್ಕೆ ಸೆಕೆಂಡಿಗೆ 26 ಮೀಟರೂ ಕೆಳಕ್ಕೆ 6.3 ಮೀಟರೂ ವೇಗದಿಂದ ಸಾಗುತ್ತಿರುತ್ತದೆ ಎನ್ನೋಣ. ಚೆಂಡು ನೆಲದ ಮೇಲೆ ಜಾರುತ್ತಲೇ ಮೇಲೆದ್ದರೆ ಮುಂದುವೇಗದಲ್ಲಿ ಆಗುವ ನಷ್ಟವೆಂದರೆ ಘರ್ಷಣಾಂಕ, ಇಳಿಯುವ ವೇಗ, ಹಾಗೂ ಪುಟಿತಾಂಕಕ್ಕೆ ಒಂದನ್ನು ಕೂಡಿಸಿದ ಮೊತ್ತ, ಇವುಗಳ ಗುಣಲಬ್ಧ. ಘರ್ಷಣಾಂಕ 0.3 ಆದರೆ ನಷ್ಟವು ಸೆಕೆಂಡಿಗೆ 2.8 ಮೀಟರು. ಚೆಂಡು ನೆಲವನ್ನು ಪೂರ್ತಿ ಕಚ್ಚಬೇಕಾದರೆ 26ರಲ್ಲಿ ಏಳನೆಯ ಎರಡು ಪಾಲು, ಎಂದರೆ 7.4 ಮೀಟರು ನಷ್ಟವಾಗಬೇಕಿತ್ತು. ಅಷ್ಟು ಆಗಲಿಲ್ಲ. ವೇಗದ ಚೆಂಡು ನೆಲವನ್ನು ಕಚ್ಚುವುದೇ ಇಲ್ಲ, ಜಾರಿಕೊಂಡೇ ಹೋಗುತ್ತದೆ ಎಂದಾಯಿತು. ನೆಲ ಒರಟಾದಷ್ಟೂ ಅದರ ವೇಗ ಕುಗ್ಗುತ್ತದೆ, ಅಷ್ಟೆ.

ತಿರುವು ಚೆಂಡಿನ ಕಥೆಯೇ ಬೇರೆ. ಅದು ನಿಧಾನವಾಗಿ, ಮೇಲಿನಿಂದ ಇಳಿಯುತ್ತ ಬರುತ್ತದೆ. ಮುಂದಕ್ಕೆ ಸೆಕೆಂಡಿಗೆ 18 ಮೀಟರು, ಕೆಳಕ್ಕೆ 6.5 ಮೀಟರು, ಸೆಕೆಂಡಿಗೆ 25 ಸುತ್ತು ಎಂದಿಟ್ಟುಕೊಳ್ಳೋಣ. ಕ್ರಿಕೆಟ್ ಚೆಂಡಿನ ತ್ರಿಜ್ಯ ಸುಮಾರು 3.6 ಸೆಂಟಿಮೀಟರು, ಆದ್ದರಿಂದ ತಿರುಗುವ ಚೆಂಡಿನ ತಳವು ಪಕ್ಕಕ್ಕೆ ಸೆಕೆಂಡಿಗೆ 5.7 ಮೀಟರು ವೇಗದಿಂದ ನೆಲವನ್ನು ಉಜ್ಜುತ್ತದೆ. ಘರ್ಷಣೆಯು ಈ ಎರಡು ಜಾರುವಿಕೆಗಳನ್ನೂ ಕೂಡಿಸಿದ ದಿಕ್ಕಿಗೆ ಎದುರಾಗಿ ನಿಲ್ಲುತ್ತದೆ. ಅದರ ಹೆಚ್ಚು ಪಾಲು ಚೆಂಡನ್ನು ತಡೆಯುತ್ತದೆ, ಸ್ವಲ್ಪ ಪಾಲು ಪಕ್ಕಕ್ಕೆ ತಳ್ಳುತ್ತದೆ. ಘರ್ಷಣಾಂಕ 0.25 ಇರುವ ನುಣುಪು ನೆಲದಲ್ಲಿ ಲೆಕ್ಕ ಹಾಕಿದರೆ ಚೆಂಡು ತಿರುಗುವ ಕೋನ 2.7 ಡಿಗ್ರಿ; 0.5 ಇರುವ ಒರಟು ನೆಲದಲ್ಲಿ 6.3 ಡಿಗ್ರಿ. ಚೆಂಡು ಬಿದ್ದಲ್ಲಿಂದ ದಾಂಡಿಗ 3 ಮೀಟರು ದೂರದಲ್ಲಿದ್ದರೆ ಮೊದಲನೆಯದು 14 ಸೆಂಟಿಮೀಟರು, ಎರಡನೆಯದು 33 ಸೆಂಟಿಮೀಟರು ಪಕ್ಕಕ್ಕೆ ಸರಿಯುತ್ತದೆ. ದಾಂಡಿನ ಅಗಲ ನಿಯಮದಂತೆ 10.8 ಸೆಂಟಿಮೀಟರಿಗೆ ಮೀರುವಂತಿಲ್ಲ ಎಂಬುದನ್ನು ಇದರ ಜೊತೆಗಿಟ್ಟು ನೋಡಿದರೆ, ಒಣಪಿಚ್ಚಿನ ಹೆಸರು ಕೇಳಿದೊಡನೆ ದಾಂಡಿಗರ ಮುಖ ಏಕೆ ಬಾಡುತ್ತದೆ ಎಂಬುದು ತಿಳಿಯುತ್ತದೆ. ಘರ್ಷಣಾಂಕ ಎರಡು ಪಟ್ಟಾದಾಗ ತಿರುವು ಎರಡು ಪಟ್ಟಿಗಿಂತ ಹೆಚ್ಚಾದುದನ್ನು ಗಮನಿಸಬೇಕು: ಪಕ್ಕದ ವೇಗ ಹೆಚ್ಚುವುದರ ಜೊತೆಗೆ ಮುಂದುವೇಗವೂ ಕುಗ್ಗುತ್ತದೆ.

ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ 1987ರ ಮಾರ್ಚಿಯಲ್ಲಿ ಭಾರತ ಮತ್ತು ಪಾಕಿಸ್ತಾನಗಳ ನಡುವೆ ನಡೆದ ಟೆಸ್ಟ್ ಪಂದ್ಯವು ಈ ಲೆಕ್ಕಕ್ಕೆ ಬರೆದ ಭಾಷ್ಯದಂತಿದೆ. ಒಣಗಿ ಪುಡಿಯೇಳುತ್ತಿದ್ದ ಪಿಚ್ಚಿನ ಮೇಲೆ ಪಾಕಿಸ್ತಾನವು ಮೊದಲ ಸರದಿಯಲ್ಲಿ 116 ಓಟಗಳಿಗೆ ಉರುಳಿತು. ಮಣಿಂದರ್ ಸಿಂಗ್ 27 ಓಟಗಳಿಗೆ 7 ವಿಕೆಟ್ ಪಡೆದರು. ಆದರೆ ಎದುರಾಳಿಗಳಲ್ಲಿಯೂ ಇಕ್ಬಾಲ್ ಕಾಸಿಂ, ತೌಸೀಫ್ ಅಹ್ಮದ್ ಎಂಬ ಇಬ್ಬರು ಸ್ಪಿನ್ ಬೌಲರುಗಳಿದ್ದರು. ಪಂದ್ಯದಲ್ಲಿ ಇಬ್ಬರೂ ಒಂಬತ್ತೊಂಬತ್ತು ವಿಕೆಟ್ ಕಿತ್ತರು. ಸುನಿಲ್ ಗಾವಸ್ಕರರು ತಮ್ಮ ಕಡೆಯ ಟೆಸ್ಟ್ ಸರದಿಯಲ್ಲಿ 96 ಓಟ ಗಳಿಸಿದರೂ ಭಾರತ 16 ಓಟಗಳಿಂದ ಸೋತಿತು. ಅಂಥ ನೆಲದ ಮೇಲೆ ನಾಯಕನಿಗೆ ಒದಗುವ ಆಯ್ಕೆ ಕುತೂಹಲಕರವಾದುದು. ಟೆಸ್ಟ್ ಪಂದ್ಯದಲ್ಲಿ 80 ಓವರು ಕಳೆದ ಮೇಲೆ ಹೊಸ ಚೆಂಡನ್ನು ಪಡೆಯುವ ಹಕ್ಕು ಚೆಂಡೆಸೆಯುವ ತಂಡಕ್ಕೆ ಬರುತ್ತದೆ, ಪಡೆಯಲೇಬೇಕೆಂಬ ಕಟ್ಟಳೆಯಿಲ್ಲ. ಹೊಸ ಚೆಂಡಿನ ಮೆರುಗು ಜಾರಲು ಅನುಕೂಲ. ಸವೆದ ಚರ್ಮ ನೆಲವನ್ನು ಹಿಡಿಯುತ್ತದೆ. ಹಾಗೆಂದು ಹಳೆಯದೇ ಮೇಲೆಂದು ಸಾರಾಸಗಟಾಗಿ ಹೇಳುವಂತಿಲ್ಲ. ಹೊಸ ಚೆಂಡು ಗಟ್ಟಿಯಾಗಿದ್ದು ಎತ್ತರಕ್ಕೆ ಪುಟಿಯುತ್ತದೆ, ಅದರ ಹೊಲಿಗೆ ಉಬ್ಬಿರುತ್ತದೆ. ಹೊಲಿಗೆಯ ಮೇಲೆ ಬಿದ್ದ ಚೆಂಡು ಕಚ್ಚಿ ತಿರುಗಿ, ಮೆರುಗಿನ ಮೇಲೆ ಬಿದ್ದ ಮರುಚೆಂಡು ತಿರುಗದೆ ಜಾರಿಬಂದು ದಾಂಡಿಗನನ್ನು ಬಲಿತೆಗೆದುಕೊಂಡ ಪ್ರಸಂಗಗಳು ಬೇಕಾದಷ್ಟಿವೆ. ಎಸೆದವನಿಗೂ ತಿಳಿಯದ ಮಾಯೆ ಅದು!

ಹೊಲಿಗೆಯ ಮಾತು ಬಂದುದರಿಂದ ಚೆಂಡುಗಳ ಕುಲವನ್ನು ಕುರಿತು ಎರಡು ಮಾತು. ಭಾರತದಲ್ಲಿ ಟೆಸ್ಟ್ ಪಂದ್ಯಗಳಿಗೆ ಬಳಸುವುದು ಮೀರತ್ತಿನಲ್ಲಿ ತಯಾರಾಗುವ ಎಸ್‌ಜಿ ಚೆಂಡು. ಅದರ ಆರು ಸಾಲು ಹೊಲಿಗೆಯೂ ಕೈಹೊಲಿಗೆ. ಇಂಗ್ಲೆಂಡಿನ ಡ್ಯೂಕ್ಸ್ ಚೆಂಡೂ ಹಾಗೆಯೇ. ಆಸ್ಟ್ರೇಲಿಯದ ಕೂಕಬುರ ಚೆಂಡಿನಲ್ಲಿ ನಡುವಿನ ಎರಡು ಸಾಲು ಮಾತ್ರ ಕೈಯವು, ಉಳಿದ ನಾಲ್ಕು ಯಂತ್ರದವು. ಅದರ ಹೊಲಿಗೆ ಬೇಗ ತಗ್ಗುತ್ತದೆ. ನಮ್ಮ ಒಣಪಿಚ್ಚುಗಳು ಚರ್ಮದ ಮೆರುಗನ್ನು ಬೇಗನೆ ಉಜ್ಜಿ ತೆಗೆಯುತ್ತವೆ. ಮೆರುಗು ಹೋದ ಮೇಲೂ ಉಬ್ಬು ಹೊಲಿಗೆ ಉಳಿದಿರುವ ಚೆಂಡು ಇಲ್ಲಿಯ ಸ್ಪಿನ್ ಬೌಲರುಗಳಿಗೆ ಒಗ್ಗಿದುದರಲ್ಲಿ ಆಶ್ಚರ್ಯವಿಲ್ಲ.

ಒಣನೆಲವೆಂದರೆ ಸ್ಪಿನ್ ಬೌಲರುಗಳ ಸ್ವತ್ತು ಎಂದೂ ತಿಳಿಯಬಾರದು. ಹಾಸನ ಜಿಲ್ಲೆಯ ಜಾವಗಲ್ಲಿನ ಹೆಸರನ್ನು ಹೊತ್ತ ಶ್ರೀನಾಥರು 1996ರ ನವೆಂಬರಿನಲ್ಲಿ ಅಹಮದಾಬಾದಿನ ಒಣಪಿಚ್ಚಿನ ಮೇಲೆ ದಕ್ಷಿಣ ಆಫ್ರಿಕದ ಆರು ವಿಕೆಟ್ಟುಗಳನ್ನು 21 ಓಟಗಳಿಗೆ ಕಿತ್ತರು. 170 ಓಟಗಳ ಗುರಿಯನ್ನು ಬೆನ್ನಟ್ಟಿದ ಆ ತಂಡ 105ಕ್ಕೆ ಮುಗಿಯಿತು. ಒಣನೆಲವು ವೇಗದವನಿಗೆ ಕೊಡುವ ಉಡುಗೊರೆ ಗಾಳಿಯಲ್ಲಿದೆ. ಚೆಂಡಿನ ಒಂದು ಮೈ ನೆಲಕ್ಕೆ ಉಜ್ಜಿ ಒರಟಾಗುತ್ತದೆ. ಇನ್ನೊಂದನ್ನು ಆಟಗಾರರು ಬಟ್ಟೆಗೆ ತಿಕ್ಕಿ ನುಣುಪಾಗಿಟ್ಟುಕೊಳ್ಳುತ್ತಾರೆ. ಚೆಂಡಿನ ಮೈಗಂಟಿದ ಗಾಳಿಯ ತೆಳುಪದರವು ಎರಡು ಬದಿಯಲ್ಲಿ ಎರಡು ಬೇರೆ ಸ್ಥಳಗಳಲ್ಲಿ ಬಿಟ್ಟುಕೊಳ್ಳುವುದರಿಂದ ಚೆಂಡು ಒಂದು ಕಡೆಗೆ ವಾಲುತ್ತದೆ. ವೇಗ ಸಾಕಷ್ಟಿದ್ದು ಮೈ ಸಾಕಷ್ಟು ಒರಟಾಗಿದ್ದರೆ ಈ ವಾಲು ಹೊಸ ಚೆಂಡಿನದಕ್ಕೆ ತದ್ವಿರುದ್ಧವಾಗಿರುತ್ತದೆ. ರಿವರ್ಸ್ ಸ್ವಿಂಗ್ ಎನ್ನುವುದು ಇದನ್ನೇ. ಎಂಜಲು ಹಚ್ಚಿ ಹೊಳಪು ಕೊಡುವುದನ್ನು ಅಂತಾರಾಷ್ಟ್ರೀಯ ಮಂಡಳಿ 2020ರಲ್ಲಿ ತಾತ್ಕಾಲಿಕವಾಗಿಯೂ 2022ರಲ್ಲಿ ಶಾಶ್ವತವಾಗಿಯೂ ನಿಷೇಧಿಸಿತು. ಬೆವರಿಗೆ ಅಡ್ಡಿಯಿಲ್ಲ. ಒಂದು ದಿನದ ಪಂದ್ಯಗಳಲ್ಲಿ 2011ರಿಂದ ಎರಡು ತುದಿಗೆ ಎರಡು ಹೊಸ ಚೆಂಡು ಬಳಸಲಾರಂಭಿಸಿದುದರಿಂದ ಯಾವ ಚೆಂಡೂ ಬೇಕಾದಷ್ಟು ಹಳತಾಗದೆ ಈ ಕಲೆ ಸೊರಗಿತು. 2025ರ ನಿಯಮದಂತೆ 34 ಓವರು ಮುಗಿದ ಮೇಲೆ ಎಸೆಯುವ ತಂಡವು ಎರಡರಲ್ಲಿ ಒಂದು ಚೆಂಡನ್ನು ಆರಿಸಿಕೊಂಡು ಕಡೆಯವರೆಗೆ ಅದರಲ್ಲಿಯೇ ಆಡಬೇಕು. ಒಣನೆಲಕ್ಕೆ ಎಂಥ ಚೆಂಡು ಎಂಬ ನಮ್ಮ ತಲೆಬರಹದ ಪ್ರಶ್ನೆಯನ್ನು ಈಗ ನಿಯಮವೇ ನಾಯಕನ ಮುಂದಿಡುತ್ತಿದೆ.

ಅನಿಲ್ ಕುಂಬ್ಳೆಯವರ ಮಾತನ್ನೂ ಇಲ್ಲಿ ಸೇರಿಸಬೇಕು. 1999ರ ಫೆಬ್ರುವರಿ 7ರಂದು ದೆಹಲಿಯಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ಟುಗಳನ್ನು 74 ಓಟಗಳಿಗೆ ಪಡೆದ ಅವರ ಚೆಂಡು ಬಹಳ ತಿರುಗುತ್ತಿರಲಿಲ್ಲ. ಅವರು ಸ್ಪಿನ್ ಬೌಲರಿಗೆ ಅಪರೂಪವಾದ ವೇಗದಿಂದ, ಬಹುಪಾಲು ಮುಂದಕ್ಕೆ ಸುತ್ತುವಂತೆ ಎಸೆಯುತ್ತಿದ್ದರು. ಮುಂದಕ್ಕೆ ಸುತ್ತುವ ಚೆಂಡಿನ ತಳವು ಹಿಂದಕ್ಕೆ ಚಲಿಸುವುದರಿಂದ ಅದು ನೆಲದ ಮೇಲೆ ಜಾರುವ ವೇಗ ಕಡಿಮೆ. ಚೆಂಡು ಬೇಗ ಕಚ್ಚುತ್ತದೆ, ಕಚ್ಚಿದ ಮೇಲೆ ಘರ್ಷಣೆ ಅದನ್ನು ಮತ್ತೆ ತಡೆಯುವುದಿಲ್ಲ. ದಾಂಡಿಗ ಎಣಿಸಿದುದಕ್ಕಿಂತ ಬೇಗ, ಎಣಿಸಿದುದಕ್ಕಿಂತ ಎತ್ತರದಲ್ಲಿ ಅದು ಬಂದೆರಗುತ್ತದೆ. ಕುಂಬ್ಳೆ, ಶ್ರೀನಾಥ್ ಇಬ್ಬರೂ ಎಂಜಿನಿಯರಿಂಗ್ ಪದವೀಧರರೆಂಬುದನ್ನು ಭೌತಶಾಸ್ತ್ರದ ಅಧ್ಯಾಪಕರಾದ ನಾವು ಸ್ವಲ್ಪ ಹೆಮ್ಮೆಯಿಂದಲೇ ಇಲ್ಲಿ ಉಲ್ಲೇಖಿಸುತ್ತೇವೆ.

ಇನ್ನು ಹಿನ್ನೀರಿನ ಬಯಲಿಗೆ ಮರಳೋಣ. ಇಷ್ಟು ಹೊತ್ತು ಒಣನೆಲವೆಂದು ಒಂದೇ ಮಾತಿನಲ್ಲಿ ಹೇಳಿದೆವು. ನಿಜವಾಗಿ ಅದರಲ್ಲಿ ಮೂರು ಬಗೆ. ಉರುಳುಗಲ್ಲು ಹಾಯಿಸಿ, ಒಣಗಿ ಗಟ್ಟಿಯಾಗಿ ಹೊಳೆಯುವ ನೆಲ ಒಂದು. ಅದರ ಘರ್ಷಣಾಂಕ ಕಡಿಮೆ, ಪುಟಿತಾಂಕ ಹೆಚ್ಚು. ಅಲ್ಲಿ ಚೆಂಡು ಜಾರಿ ಬರುತ್ತದೆ. ಪುಡಿಮಣ್ಣಿನ ನೆಲ ಎರಡನೆಯದು. ಅಲ್ಲಿ ಚೆಂಡು ನೆಲದೊಳಕ್ಕೆ ಸ್ವಲ್ಪ ತೂರಿ ಕಚ್ಚುತ್ತದೆ, ತಗ್ಗಾಗಿ ಏಳುತ್ತದೆ. ಮೂರನೆಯದು ಬಿರಿದ ನೆಲ. ನೀರಿನೊಡನೆ ಬಂದು ತಳದಲ್ಲಿ ನಿಂತ ನುಣುಪಾದ ಜೇಡಿಮಣ್ಣು ನೀರು ಹೀರಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಮೇಲ್ಪದರ ಮೊದಲು ಒಣಗಿ ಕುಗ್ಗಲೆಳಸಿದರೂ ಕೆಳಗಿನ ಹಸಿಪದರ ಅದನ್ನು ಬಿಡದು. ಈ ಸೆಳೆತಕ್ಕೆ ಮಣ್ಣು ಹರಿದು ಹೆಂಟೆಹೆಂಟೆಯಾಗುತ್ತದೆ. ಆಮೇಲೆ ಪ್ರತಿ ಹೆಂಟೆಯ ಅಂಚೂ ಒಣಗಿ ಮೇಲಕ್ಕೆ ಸುರುಟಿಕೊಳ್ಳುತ್ತದೆ. ಕೆರೆಯ ಅಂಗಳವನ್ನು ಬೇಸಗೆಯಲ್ಲಿ ನೋಡಿದವರಿಗೆಲ್ಲ ಇದು ಗೊತ್ತು.

ಅಪಾಯವಿರುವುದು ಈ ಸುರುಟಿದ ಅಂಚಿನಲ್ಲಿ. ಮೇಲೆ ಹೇಳಿದ ಗಟ್ಟಿಗ ವಿದ್ಯಾರ್ಥಿಯ ಚೆಂಡು ಮಟ್ಟನೆಲದ ಮೇಲೆ ಬಿದ್ದರೆ, 4 ಮೀಟರು ಆಚೆ ನಿಂತ ದಾಂಡಿಗನನ್ನು ಅದು ಸುಮಾರು 40 ಸೆಂಟಿಮೀಟರು ಎತ್ತರದಲ್ಲಿ, ಮೊಣಕಾಲಿನ ಬಳಿ ತಲುಪುತ್ತದೆ. ಅದೇ ಚೆಂಡು ಎಸೆದವನ ಕಡೆಗೆ ಕೇವಲ 5 ಡಿಗ್ರಿ ಓರೆಯಾಗಿ ಮೇಲೆದ್ದ ಅಂಚಿನ ಮೇಲೆ ಬಿದ್ದಿತೆನ್ನಿ. ಆಗ 26 ಮೀಟರಿನ ಮುಂದುವೇಗದಲ್ಲಿಯೂ ಒಂದು ಪಾಲು ನೆಲವನ್ನು ಗುದ್ದುವ ವೇಗಕ್ಕೆ ಸೇರುತ್ತದೆ. ಮೇಲೇಳುವಾಗ ಓರೆಯ ಗುಂಟ ಸಾಗುವ ವೇಗವೂ ಸ್ವಲ್ಪ ಮೇಲ್ಮುಖವಾಗಿರುತ್ತದೆ. ಎರಡನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಏಳುವ ವೇಗ ಸೆಕೆಂಡಿಗೆ 3.2 ಮೀಟರಿನಿಂದ 6.1 ಮೀಟರಿಗೆ ಏರುತ್ತದೆ. ಚೆಂಡು ದಾಂಡಿಗನನ್ನು ತಲುಪುವುದು ಒಂದು ಮೀಟರು ಎತ್ತರದಲ್ಲಿ! ಮೊಣಕಾಲಿನ ಚೆಂಡಿಗೆ ಬಾಗಿ ನಿಂತವನ ಮುಖ ಆಗ ಎಲ್ಲಿರುತ್ತದೆ ಎಂಬುದನ್ನು ವಾಚಕರು ಊಹಿಸಿಕೊಳ್ಳಬಹುದು. ಅವನಿಗೆ ದೊರೆಯುವ ಸಮಯ ಸೆಕೆಂಡಿನ ಐದನೆಯ ಒಂದು ಪಾಲಿಗಿಂತಲೂ ಕಡಿಮೆ. ಕಣ್ಣು ಕಂಡು ಕೈ ಅಲುಗುವುದಕ್ಕೆ ಅದು ಸಾಲದು. ಇಲ್ಲಿ ಕೌಶಲವನ್ನು ನಂಬುವಂತಿಲ್ಲ.

ಇಂಥ ನೆಲದ ಮೇಲೆ ನಾವು ಚರ್ಮದ ಚೆಂಡನ್ನೂ ಕಾರ್ಕಿನ ಚೆಂಡನ್ನೂ ಒಪ್ಪುವುದಿಲ್ಲ. ಚರ್ಮದ ಚೆಂಡು ಸುಮಾರು 160 ಗ್ರಾಮು, ಟೆನ್ನಿಸ್ ಚೆಂಡು 58 ಗ್ರಾಮು. ಸೆಕೆಂಡಿಗೆ 22 ಮೀಟರು ವೇಗದಲ್ಲಿ ಮೊದಲನೆಯದರ ಚಲನಶಕ್ತಿ 39 ಜೌಲು, ಎರಡನೆಯದರದು 14. ಅದೂ ಅಲ್ಲದೆ ಟೆನ್ನಿಸ್ ಚೆಂಡು ಟೊಳ್ಳು. ತಾಗಿದಾಗ ತಾನೇ ಅದುಮಿಕೊಂಡು ಪೆಟ್ಟನ್ನು ಹೆಚ್ಚು ಕಾಲಕ್ಕೂ ಹೆಚ್ಚು ಜಾಗಕ್ಕೂ ಹರಡುತ್ತದೆ. ತನ್ನ ತೂಕಕ್ಕೆ ಗಾಳಿಯ ತಡೆಯನ್ನು ಅದು ಚರ್ಮದ ಚೆಂಡಿನ ಎರಡೂವರೆ ಪಾಲಿನಷ್ಟಾದರೂ ಅನುಭವಿಸುವುದರಿಂದ ದಾರಿಯಲ್ಲಿಯೇ ನಿಧಾನವಾಗುತ್ತದೆ. ಬಿರುಕಿನ ಅಂಚಿನಿಂದ ಅದೂ ಎದ್ದು ಹಾರುತ್ತದೆ, ಇನ್ನೂ ಎತ್ತರಕ್ಕೆ ಹಾರೀತು. ಆದರೆ ತಾಗಿದರೆ ಬಾವು ಬಂದೀತೇ ಹೊರತು ಮೂಳೆ ಮುರಿಯುವ ಸಂಭವ ಬಲು ಕಡಿಮೆ. ಕಣ್ಣಿಗೆ ಮಾತ್ರ ಯಾವ ಚೆಂಡೂ ನಿರಪಾಯವಲ್ಲ. ಕಾರ್ಕಿನ ಚೆಂಡು ಅಗ್ಗವೆಂಬುದೊಂದೇ ಅದರ ಗುಣ. ಅದು ಚರ್ಮದ ಚೆಂಡಿನಷ್ಟೇ ಗಟ್ಟಿ, ಆಡುವ ಹುಡುಗರ ಕಾಲಲ್ಲಿ ಪ್ಯಾಡು ಇಲ್ಲ, ತಲೆಗೆ ಹೆಲ್ಮೆಟ್ಟು ಇಲ್ಲ.

ಟೆನ್ನಿಸ್ ಚೆಂಡಿನಲ್ಲಿ ಆಟದ ಸೊಗಸಿಲ್ಲ ಎಂಬುವರಿಗೆ ಭೌತಶಾಸ್ತ್ರದ ಉತ್ತರವುಂಟು. ಅದರ ಜೂಲು ಒಣನೆಲವನ್ನು ಚೆನ್ನಾಗಿ ಹಿಡಿಯುತ್ತದೆ. ಟೊಳ್ಳುಗೋಳಕ್ಕೆ ಹಿಂದಿನ ಲೆಕ್ಕದಲ್ಲಿ 2/5ರ ಬದಲು 2/3 ಹಾಕಿದರೆ, ಕಚ್ಚಿದ ಮೇಲೆ ಉಳಿಯುವ ವೇಗ 5/7 ಅಲ್ಲ, 3/5 ಎಂದು ಬರುತ್ತದೆ. ಆದ್ದರಿಂದ ಅದು ನೆಲಕ್ಕೆ ಬಿದ್ದಾಗ ಹೆಚ್ಚು ತಡೆಯುತ್ತದೆ, ಹೆಚ್ಚು ತಿರುಗಬಲ್ಲದು. ವೇಗ ಬೇಕೆನ್ನುವವರು ಅದರ ಮೇಲೆ ವಿದ್ಯುತ್ ಕೆಲಸದವರ ಟೇಪನ್ನು ಸುತ್ತುತ್ತಾರೆ. ಜೂಲು ಮುಚ್ಚಿದಾಗ ಗಾಳಿಯ ತಡೆಯೂ ನೆಲದ ಹಿಡಿತವೂ ಇಳಿಯುತ್ತವೆ. ಒಂದೇ ಮೈಗೆ ಸುತ್ತಿದರೆ ಗಾಳಿಯಲ್ಲಿ ವಾಲುತ್ತದೆ. ಒಣಗಿದ ಹಾದಿಗೆ ನುಣುಪು ಚೆಂಡನ್ನು ಎತ್ತಿಕೊಂಡ ನಗರದ ಆಟಗಾರನ ಉಪಾಯವೇ ಇದು, ಮೂರು ಮೊಳ ಟೇಪಿನ ಖರ್ಚಿನಲ್ಲಿ.

ಯಾವ ನೆಲ ಯಾವ ಬಗೆಯದು ಎಂಬುದನ್ನು ಅಳೆಯುವುದೂ ಕಷ್ಟವಲ್ಲ. ಎರಡು ಮೀಟರು ಉದ್ದದ ಕೋಲಿನ ತುದಿಯಿಂದ ಚೆಂಡನ್ನು ಬಿಟ್ಟು ಎಷ್ಟು ಪುಟಿಯಿತೆಂದು ಇನ್ನೊಬ್ಬರು ಗುರುತುಹಾಕಲಿ. ಅರ್ಧ ಮೀಟರು ಪುಟಿದರೆ ಪುಟಿತಾಂಕ 0.5. ಇದನ್ನು ಪಿಚ್ಚಿನ ಹತ್ತು ಕಡೆ ಮಾಡಿ. ನಮಗೆ ಮುಖ್ಯವಾದುದು ಸರಾಸರಿಯಲ್ಲ. ಹತ್ತು ಎತ್ತರಗಳಲ್ಲಿ ಎಷ್ಟು ಅಂತರವಿದೆ, ಚೆಂಡು ನೆಟ್ಟಗೆ ಎದ್ದಿತೇ ಪಕ್ಕಕ್ಕೆ ಹಾರಿತೇ ಎಂಬುದು. ಪಕ್ಕಕ್ಕೆ ಹಾರುವ ಸ್ಥಳಗಳು ಎರಡು ಮೂರು ಕಂಡರೂ ಸಾಕು, ಅದನ್ನು ಬಿರಿದ ನೆಲವೆಂದೇ ತಿಳಿಯಬೇಕು. ಘರ್ಷಣಾಂಕಕ್ಕೆ ಮೂರು ಹಳೆಯ ಚೆಂಡುಗಳನ್ನು ಉರುಳದಂತೆ ಒಂದು ಹಲಗೆಯ ಅಡಿಗೆ ಭದ್ರಪಡಿಸಿ, ಮೇಲೆ ಇಟ್ಟಿಗೆಗಳನ್ನು ಹೇರಿ, ಕಾಲೇಜಿನ ಪ್ರಯೋಗಶಾಲೆಯ ಸುರುಳಿ ತಕ್ಕಡಿಯಿಂದ ಸಮವೇಗದಲ್ಲಿ ಎಳೆಯಿರಿ. ಎಳೆಯಲು ಬೇಕಾದ ಬಲವನ್ನು ಒಟ್ಟು ತೂಕದಿಂದ ಭಾಗಿಸಿದರೆ ಉತ್ತರ ಸಿಕ್ಕಿತು. ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಅಳೆದು ಹೋಲಿಸಬೇಕು.

ಚರ್ಮದ ಚೆಂಡಿನಲ್ಲಿಯೇ ಆಡಬೇಕೆಂಬ ಹಟವಿದ್ದರೆ ಬದಲಾಯಿಸಬೇಕಾದುದು ನೆಲವನ್ನು. ಒಂದು ಕಾಲಕ್ಕೆ ನಮ್ಮ ನಾಡಿನ ಎಷ್ಟೋ ಮೈದಾನಗಳಲ್ಲಿ ಆಟ ನಡೆಯುತ್ತಿದ್ದುದು ತೆಂಗಿನ ನಾರಿನ ಚಾಪೆಯ ಮೇಲೆ. ಅರಸೀಕೆರೆಯ ತೆಂಗಿನ ಸೀಮೆ ಇರುವ ಜಿಲ್ಲೆಯಲ್ಲಿ ನಾರಿಗೆ ಬರವಿಲ್ಲ. ಹೆಂಟೆಗಳ ಅಂಚನ್ನು ಗುದ್ದಲಿಯಿಂದ ಹೆರೆದು, ಬಿರುಕುಗಳಿಗೆ ಮಣ್ಣು ತುಂಬಿ, ನೀರು ಚಿಮುಕಿಸಿ ದಿಮ್ಮಸು ಹೊಡೆದು, ಮೇಲೆ ಚಾಪೆಯನ್ನು ಬಿಗಿಯಾಗಿ ಎಳೆದು ನಾಲ್ಕು ಅಂಚಿಗೂ ಗೂಟ ಬಡಿಯಬೇಕು. ಚಾಪೆ ಸಡಿಲವಾದರೆ ಅದರ ಮಡಿಕೆಯೇ ಹೊಸದೊಂದು ಬಿರುಕಾಗುತ್ತದೆ. ನಾರಿನ ಹಿಡಿತ ಹೆಚ್ಚು, ಪುಟಿತ ಎಲ್ಲೆಡೆ ಒಂದೇ ಸಮ. ಸ್ಪಿನ್ ಬೌಲರನಿಗೆ ಅದಕ್ಕಿಂತ ಒಳ್ಳೆಯ ಪಾಠಶಾಲೆ ಬೇರಿಲ್ಲ. ಚರ್ಮವನ್ನು ಮಾತ್ರ ಅದು ಅರದಂತೆ ಉಜ್ಜುತ್ತದೆ, ಚೆಂಡು ಬಹುಕಾಲ ಬಾಳದು. ಆದಕಾರಣ ಚಾಪೆಯ ಮೇಲಿನ ಆಟಕ್ಕೆ ಬೆಲೆಬಾಳುವ ಚೆಂಡನ್ನು ಕೊಳ್ಳುವುದಕ್ಕಿಂತ, ಹೊಲಿಗೆ ಉಬ್ಬಾಗಿರುವ ಸಾಧಾರಣ ಬೆಲೆಯ ಕೈಹೊಲಿಗೆಯ ಚೆಂಡನ್ನು ಕೊಂಡು, ಉಳಿದ ಹಣದಿಂದ ದಾಂಡಿಗನಿಗೆ ಒಂದು ಹೆಲ್ಮೆಟ್ಟನ್ನು ತರುವುದು ಯುಕ್ತ.